ಬಣ್ಣಕ್ಕೆ ಬಿಸಿ, ಪರಿಮಳಕ್ಕೆ ತಂಪು: ಹೂವು ಸೇರಿದ ನಿಂಬೆ ಪಾನಕ

ನಿಂಬೆರಸ, ಸಕ್ಕರೆ, ನೀರು ಮತ್ತು ಚಿಟಿಕೆ ಉಪ್ಪು ಸೇರಿ ಆಗುವ ಪಾನಕಕ್ಕೆ ಹೂವನ್ನೂ ಸೇರಿಸುವ ರೂಢಿ ನಗರಗಳ ಉಪಾಹಾರ ಮಂದಿರಗಳಿಂದ ಮನೆಯ ಅಡುಗೆಮನೆಗೆ ಬಂದು ತಲುಪಿದ್ದು, ನೀಲಿಯಿಂದ ನೇರಳೆಗೆ ತಿರುಗುವ ಶಂಖಪುಷ್ಪದ ಪಾನೀಯವಾಗಲಿ ಕಡುಗೆಂಪಿನ ದಾಸವಾಳದ ಶರಬತ್ತಾಗಲಿ ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಆದರೆ ಮನೆಯಲ್ಲಿ ಮಾಡಿದ ಇಂಥ ಪಾನಕ ಹಲವು ಸಲ ಕೆಡುತ್ತದೆ. ಗುಲಾಬಿಯದು ಬೇಯಿಸಿದ ಸೊಪ್ಪಿನ ವಾಸನೆ ಬೀರುತ್ತದೆ, ದಾಸವಾಳದ್ದು ಲೋಳೆಯಾಗುತ್ತದೆ, ಮಲ್ಲಿಗೆ ಹಾಕಿ ಕುದಿಸಿದ ನೀರಿನಲ್ಲಿ ಮಲ್ಲಿಗೆಯ ಸುಳಿವೇ ಇರುವುದಿಲ್ಲ. ಹೂವಿನಿಂದ ಪಾನಕಕ್ಕೆ ಬರಬಹುದಾದ ಬಣ್ಣ ಮತ್ತು ಪರಿಮಳಗಳು ಸ್ವಭಾವದಲ್ಲಿ ಒಂದಕ್ಕೊಂದು ವಿರುದ್ಧವಾಗಿದ್ದು, ಬಣ್ಣದ ದ್ರವ್ಯ ಬಿಸಿನೀರಿನಲ್ಲಿ ಬೇಗ ಕರಗಿ ಅಲ್ಲಿಯೇ ನಿಲ್ಲುವಂಥದ್ದಾದರೆ ಪರಿಮಳದ ದ್ರವ್ಯ ಬಿಸಿ ತಾಗಿದೊಡನೆ ಆವಿಯಾಗಿ ಹೋಗುವಂಥದ್ದಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಎರಡನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ವಿಧಾನದಲ್ಲಿ ಪಡೆಯಲು ಹೊರಟವರು ಸಾಮಾನ್ಯವಾಗಿ ಎರಡನ್ನೂ ಕಳೆದುಕೊಳ್ಳುತ್ತಾರೆ.

ಪಾನಕದ ಶಾಸ್ತ್ರ ಕನ್ನಡನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಭೋಗಗಳನ್ನು ವಿವರಿಸುವಾಗ ಕುಡಿಯುವ ನೀರಿಗೇ ಪ್ರತ್ಯೇಕವಾದ ಜಾಗ ಕೊಟ್ಟಿದೆ, 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವು ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿರಿಸಿದೆ. ರಾಮನವಮಿಯ ಬೆಲ್ಲದ ಪಾನಕವಂತೂ ಇಂದಿಗೂ ಬೀದಿಬೀದಿಯಲ್ಲಿ ಹಂಚಿಕೆಯಾಗುತ್ತದೆ. ಹೊರನಾಡುಗಳಲ್ಲಿಯೂ ಹೂವು ಮತ್ತು ಹುಳಿಹಣ್ಣಿನ ಜೋಡಿ ಹಳೆಯದೇ: ಇಂಗ್ಲೆಂಡಿನಲ್ಲಿ ಬೇಸಿಗೆಯ ಆರಂಭಕ್ಕೆ ಅರಳುವ ಎಲ್ಡರ್ ಎಂಬ ಪೊದೆಯ ಬಿಳಿ ಹೂಗೊಂಚಲನ್ನು ನಿಂಬೆಯ ಹೋಳುಗಳೊಡನೆ ಸಕ್ಕರೆ ಪಾಕದಲ್ಲಿ ಒಂದು ದಿನ ನೆನೆಸಿ ಸೋಸುತ್ತಾರೆ, ಥಾಯ್ಲೆಂಡಿನಲ್ಲಿ ಶಂಖಪುಷ್ಪದ ನೀಲಿ ನೀರಿಗೆ ಜೇನು ಮತ್ತು ನಿಂಬೆ ಬೆರೆಸುತ್ತಾರೆ.

ಹೂವಿನ ವಿಚಾರಕ್ಕೆ ಮೊದಲು ನಿಂಬೆಯನ್ನು ಸರಿಮಾಡಿಕೊಳ್ಳಬೇಕು, ಏಕೆಂದರೆ ಹೂವಿನ ದೋಷವೆಂದು ಎಣಿಸಲಾಗುವ ಕಹಿಯಲ್ಲಿ ಬಹುಪಾಲು ನಿಂಬೆಯಿಂದಲೇ ಬರುತ್ತದೆ. ಪಾಶ್ಚಾತ್ಯ ಪುಸ್ತಕಗಳ ಅಳತೆಗಳು ದಪ್ಪ ಸಿಪ್ಪೆಯ, ಹಳದಿಯ, ನೀಳ ಆಕಾರದ ದೊಡ್ಡ ನಿಂಬೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತವೆ. ಕರ್ನಾಟಕದ ಮನೆಗಳಲ್ಲಿ ಬಳಕೆಯಾಗುವುದು ಅದಕ್ಕಿಂತ ಚಿಕ್ಕದಾದ, ತೆಳುಸಿಪ್ಪೆಯ, ಹುಳಿ ಮತ್ತು ಘಮ ಎರಡೂ ತೀಕ್ಷ್ಣವಾದ ಬೇರೆ ಜಾತಿಯ ಹಣ್ಣು. ವಿಜಯಪುರ ಜಿಲ್ಲೆಯ ಇಂಡಿ ಭಾಗ ಇದರ ಬೆಳೆಗೆ ಹೆಸರಾಗಿದ್ದು, ಅಲ್ಲಿನ ನಿಂಬೆಗೆ ಭೌಗೋಳಿಕ ಸೂಚಕ, ಅಂದರೆ ನಿರ್ದಿಷ್ಟ ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಕಾನೂನುಬದ್ಧ ಮಾನ್ಯತೆಯೂ ದೊರೆತಿದೆ. ಮಧ್ಯಮ ಗಾತ್ರದ ಒಂದು ಹಣ್ಣಿನಿಂದ ಎರಡು ಮೂರು ಚಹಾಚಮಚದಷ್ಟು ರಸ ಬರುತ್ತದೆ. 200 ಮಿಲಿಲೀಟರಿನ ಒಂದು ಲೋಟಕ್ಕೆ ಒಂದು ಹಣ್ಣಿನ ರಸ ಮತ್ತು ಸುಮಾರು 25 ಗ್ರಾಂ ಸಕ್ಕರೆ ಸಾಕು. ಹಣ್ಣನ್ನು ಹಿಂಡುವಾಗ ಸಿಪ್ಪೆಯೂ ಜಜ್ಜುವಷ್ಟು ಒತ್ತಿದರೆ ಸಿಪ್ಪೆಯ ಎಣ್ಣೆ ಮತ್ತು ಒಳಗಿನ ಬಿಳಿಪದರದ ಕಹಿ ರಸಕ್ಕೆ ಇಳಿಯುತ್ತವೆ. ಬೀಜಗಳು ರಸದಲ್ಲಿ ಉಳಿದರೂ ಅಷ್ಟೇ, ಅವುಗಳಲ್ಲಿರುವ ಲಿಮೋನಿನ್ ಎಂಬ ಕಹಿದ್ರವ್ಯ ಹೊತ್ತು ಕಳೆದಂತೆ ತಲೆಯೆತ್ತುತ್ತದೆ. ಬೆಳಗ್ಗೆ ಮಾಡಿಟ್ಟ ಪಾನಕ ಮಧ್ಯಾಹ್ನಕ್ಕೆ ಕಹಿಯಾಗುವುದು ಹೀಗೆ. ಆದ್ದರಿಂದ ನಿಂಬೆರಸವನ್ನು ಎಂದೂ ಕುದಿಸದೆ, ಬೀಜ ಸೋಸಿ, ಕುಡಿಯುವ ಹೊತ್ತಿಗೇ ಬೆರೆಸುವುದು ಉತ್ತಮ.

ಇನ್ನು ಬಣ್ಣ. ಹೂಗಳ ಕೆಂಪು, ನೇರಳೆ, ನೀಲಿಗಳಿಗೆ ಬಹುಮಟ್ಟಿಗೆ ಕಾರಣವಾಗಿರುವುದು ಆಂಥೋಸಯನಿನ್ ಎಂದು ಕರೆಯಲಾಗುವ ವರ್ಣದ್ರವ್ಯಗಳ ಗುಂಪು. ಇವು ಎಸಳಿನ ಜೀವಕೋಶಗಳೊಳಗಿನ ರಸದಲ್ಲಿ ಕರಗಿಕೊಂಡೇ ಇರುವುದರಿಂದ ಬಿಸಿನೀರು ಜೀವಕೋಶದ ಗೋಡೆಯನ್ನು ಸಡಿಲಗೊಳಿಸಿದೊಡನೆ ಹೊರಗೆ ಹರಿದುಬರುತ್ತವೆ. ಚೆಂಡುಹೂವಿನ ಹಳದಿ ಮತ್ತು ಕಿತ್ತಳೆ ಬಣ್ಣಗಳು ಎಣ್ಣೆಯಲ್ಲಿ ಕರಗುವ ಕ್ಯಾರಟಿನಾಯ್ಡ್ ಎಂಬ ಬೇರೆ ಗುಂಪಿಗೆ ಸೇರಿರುವುದರಿಂದ ಅಷ್ಟು ಢಾಳಾದ ಹೂವು ಪಾನಕಕ್ಕೆ ತನ್ನ ಬಣ್ಣವನ್ನು ಬಿಟ್ಟುಕೊಡುವುದಿಲ್ಲ. ಆಂಥೋಸಯನಿನ್‌ಗಳ ಮತ್ತೊಂದು ಗುಣ, ಸುತ್ತಲಿನ ದ್ರವದ ಹುಳಿಗೆ ತಕ್ಕಂತೆ ಬಣ್ಣ ಬದಲಿಸುವುದು. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1664ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತ ಗ್ರಂಥದಲ್ಲಿ, ವಯೊಲೆಟ್ ಹೂವಿನ ನೀಲಿ ಪಾಕವು ಹುಳಿ ಬಿದ್ದರೆ ಕೆಂಪಾಗುವುದನ್ನೂ ಕ್ಷಾರ ಬಿದ್ದರೆ ಹಸಿರಾಗುವುದನ್ನೂ ದಾಖಲಿಸಿ, ಹುಳಿಯನ್ನೂ ಕ್ಷಾರವನ್ನೂ ಗುರುತಿಸುವ ಉಪಾಯವಾಗಿ ಅದನ್ನು ಬಳಸಿದನು. ಸಸ್ಯಗಳ ವರ್ಣದ್ರವ್ಯಗಳ ಅಧ್ಯಯನಕ್ಕಾಗಿ 1915ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್, ಕೆಂಪು ಗುಲಾಬಿಯಲ್ಲಿಯೂ ಯುರೋಪಿನ ಹೊಲಗಳಲ್ಲಿ ಬೆಳೆಯುವ ನೀಲಿ ಕಾರ್ನ್‌ಫ್ಲವರ್ ಹೂವಿನಲ್ಲಿಯೂ ಇರುವ ಮೂಲದ್ರವ್ಯ ಸಯನಿಡಿನ್ ಎಂಬ ಒಂದೇ ವಸ್ತುವೆಂದು ತೋರಿಸಿಕೊಟ್ಟನು. ಹಿತ್ತಲಿನ ಕೆಂಪು ದಾಸವಾಳದ ಬಣ್ಣವೂ ಇದೇ ಸಯನಿಡಿನ್‌ನಿಂದ ಹುಟ್ಟಿದ್ದು.

ಕನ್ನಡನಾಡಿನ ಮನೆಗಳಿಗೆ ಎಲ್ಲಕ್ಕಿಂತ ಹೆಚ್ಚು ಒಗ್ಗುವ ಹೂವು ಈ ದಾಸವಾಳವೇ. ಐದೆಸಳಿನ, ಒಂಟಿ ಸುತ್ತಿನ ಹಳೆಯ ಕೆಂಪು ತಳಿಯನ್ನೇ ಆರಿಸಬೇಕು. ನರ್ಸರಿಗಳಲ್ಲಿ ಸಿಗುವ ಹಳದಿ, ಬಿಳಿ, ತಿಳಿಗುಲಾಬಿ ಬಣ್ಣದ ಮಿಶ್ರತಳಿಗಳು ನೋಟಕ್ಕೆ ಚೆನ್ನಾಗಿದ್ದರೂ ಪಾನಕಕ್ಕೆ ಪ್ರಯೋಜನವಿಲ್ಲ. ಅರ್ಧ ಲೀಟರ್ ನೀರಿಗೆ ಹತ್ತು ಹನ್ನೆರಡು ಹೂ ತೆಗೆದುಕೊಂಡು, ಬುಡದ ಹಸಿರು ಭಾಗವನ್ನೂ ನಡುವಿನ ಕೇಸರದಂಡವನ್ನೂ ಕಿತ್ತುಹಾಕಿ, ಎಸಳುಗಳನ್ನು ಮಾತ್ರ ಇರುವೆ, ಹುಳ ಹೋಗುವಂತೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಬೇಕು. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಆಮೇಲೆ ಎಸಳುಗಳನ್ನು ಹಾಕಿ ಮುಚ್ಚಳ ಮುಚ್ಚುವುದು ಸರಿಯಾದ ಕ್ರಮ. ಕೆಲವೇ ನಿಮಿಷಗಳಲ್ಲಿ ಎಸಳುಗಳು ಕೆಂಪನ್ನೆಲ್ಲ ಕಳೆದುಕೊಂಡು ಸುಕ್ಕಾದ, ನಸುಬಿಳುಪಾದ ಪೊರೆಗಳಾಗಿ ಉಳಿಯುತ್ತವೆ. ನೀರಾದರೋ ನಿರೀಕ್ಷಿಸಿದ ಕೆಂಪಿಗೆ ಬರದೆ ಮಂಕಾದ ನೇರಳೆಗೆ ತಿರುಗುತ್ತದೆ, ಕೊಳವೆಬಾವಿಯ ಗಡಸು ನೀರಾಗಿದ್ದರೆ ಅದರಲ್ಲಿ ನೀಲಿಯ, ಕೆಲವೊಮ್ಮೆ ಹಸಿರಿನ ಛಾಯೆಯೂ ಕಾಣುತ್ತದೆ. ಮೊದಲ ಬಾರಿ ಮಾಡುವವರು ಇಲ್ಲಿ ಹೂವು ಕೆಟ್ಟಿತೆಂದು ಚೆಲ್ಲಿಬಿಡುವುದುಂಟು. ವಾಸ್ತವವಾಗಿ ಆ ನೀಲಿ, ಹಸಿರು ಛಾಯೆ ಗಡಸು ನೀರಿನಲ್ಲಿ ಕರಗಿರುವ ಕ್ಷಾರಗುಣದ ಲವಣಗಳ ಪರಿಣಾಮವಷ್ಟೇ. ದ್ರವದ ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ 7 ತಟಸ್ಥವಾದರೆ ನಿಂಬೆರಸ 2ರಿಂದ 2.5ರ ಆಸುಪಾಸಿನಲ್ಲಿರುತ್ತದೆ, ಅದರ ನಾಲ್ಕಾರು ಹನಿ ಬಿದ್ದ ಕಡೆಯಿಂದ ನೇರಳೆ ಒಡೆದು ಮಾಣಿಕ್ಯದ ಕೆಂಪು ಹರಡಿಕೊಳ್ಳುತ್ತ ಹೋಗಿ ಇಡೀ ಪಾತ್ರೆ ಬದಲಾಗುತ್ತದೆ. ಎಸಳು ಹಾಕುವಾಗಲೇ ಆ ನಾಲ್ಕಾರು ಹನಿ ಸೇರಿಸಿದರೆ ಬಣ್ಣ ಇನ್ನೂ ಚೆನ್ನಾಗಿ ಇಳಿಯುತ್ತದೆ, ಏಕೆಂದರೆ ಈ ವರ್ಣದ್ರವ್ಯಗಳು ಹುಳಿಯಲ್ಲಿ ಹೆಚ್ಚು ಸ್ಥಿರವಾಗಿರುತ್ತವೆ.

ದಾಸವಾಳದ ತೊಡಕು ಅದರ ಲೋಳೆ. ತಲೆಗೂದಲಿಗೆ ಹಚ್ಚಲು ಎಲೆಯನ್ನು ಅರೆದವರಿಗೆ ಪರಿಚಿತವಾದ ಈ ಜಿಗುಟು ಎಸಳಿನಲ್ಲಿಯೂ ಇದ್ದು, ಹೆಚ್ಚು ಹೊತ್ತು ಕುದಿಸಿದರೆ ಅಥವಾ ಸೋಸುವಾಗ ಎಸಳನ್ನು ಕೈಯಿಂದ ಹಿಂಡಿದರೆ ಪಾನಕಕ್ಕೆ ಇಳಿದುಬಿಡುತ್ತದೆ. ಐದರಿಂದ ಹತ್ತು ನಿಮಿಷಕ್ಕೇ ನಿಲ್ಲಿಸಿ, ತೆಳುಬಟ್ಟೆಯ ಮೂಲಕ ತಾನಾಗಿಯೇ ಇಳಿಯಲು ಬಿಟ್ಟರೆ ಈ ಕಾಟ ಇರುವುದಿಲ್ಲ. ಸೋಸಿದ ನೀರಿಗೆ ಅರ್ಧ ಕಿಲೋ ಸಕ್ಕರೆ ಹಾಕಿ ಕರಗುವಷ್ಟು ಮಾತ್ರ ಬಿಸಿಮಾಡಿದರೆ ಪಾಕ ಸಿದ್ಧ. ಒಂದು ಲೋಟಕ್ಕೆ ಮೂರು ದೊಡ್ಡ ಚಮಚ ಪಾಕ, ಒಂದು ನಿಂಬೆಯ ರಸ, ಚಿಟಿಕೆ ಉಪ್ಪು. ಉಪ್ಪು ಕಹಿಯನ್ನು ಅಡಗಿಸುವುದರಿಂದ ಅದನ್ನು ಬಿಡಬಾರದು. ಪಾತ್ರೆ ಸ್ಟೀಲಿನದೋ ಗಾಜಿನದೋ ಆಗಿರಬೇಕು, ಏಕೆಂದರೆ ಕಬ್ಬಿಣ ಮತ್ತು ಅಲ್ಯುಮಿನಿಯಂ ಲೋಹಗಳು ಈ ವರ್ಣದ್ರವ್ಯದೊಡನೆ ಕೂಡಿ ಬಣ್ಣವನ್ನು ಮಸಿಯಾದ ನೀಲಿಗೆ ತಿರುಗಿಸುತ್ತವೆ, ಕಲಾಯಿ ಇಲ್ಲದ ಹಿತ್ತಾಳೆ ಹುಳಿಗೆ ಕಿಲುಬು ಬಿಡುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ ಎಂಬ ಪ್ರಶ್ನೆಗೆ, ಹಾಕಬಹುದು, ಆದರೆ ಹೂವು ಹಾಕಿದ ಶ್ರಮ ವ್ಯರ್ಥ ಎಂಬುದೇ ಉತ್ತರ. ಬೆಲ್ಲದ ಕಂದು ಬಣ್ಣ ಮತ್ತು ಗಾಢ ರುಚಿಯ ಮುಂದೆ ಯಾವ ಹೂವೂ ನಿಲ್ಲುವುದಿಲ್ಲ. ಅದರ ಜೊತೆಗೆ ಶುಂಠಿ, ಮೆಣಸು, ಏಲಕ್ಕಿಗಳೇ ಸರಿ.

ಅಂಗಡಿಗಳಲ್ಲಿ ದಾಸವಾಳದ ಚಹಾ ಎಂಬ ಹೆಸರಿನಲ್ಲಿ ಸಿಗುವ ಒಣಗಿದ ಕಡುಗೆಂಪು ಚೂರುಗಳು ಈ ದಾಸವಾಳದ ಎಸಳುಗಳಲ್ಲ. ಅವು ಅದೇ ಕುಲಕ್ಕೆ ಸೇರಿದ, ಉತ್ತರ ಕರ್ನಾಟಕದ ಪುಂಡಿಪಲ್ಯಕ್ಕೆ ಹತ್ತಿರದ ನಂಟಿರುವ ರೋಸೆಲ್ ಎಂಬ ಗಿಡದ, ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ಉಳಿಯುವ ದಪ್ಪನೆಯ ಪುಷ್ಪಪಾತ್ರೆಗಳು. ಈಜಿಪ್ಟ್ ಮತ್ತು ಸುಡಾನಿನಲ್ಲಿ ಕರ್ಕಡೆ, ಸೆನೆಗಲ್‌ನಲ್ಲಿ ಬಿಸ್ಸಾಪ್ ಎಂದು ಕರೆಯಲಾಗುವ ಜನಪ್ರಿಯ ಪಾನೀಯಗಳು ಇದರಿಂದಲೇ ಆಗುತ್ತವೆ. ಇದು ಸ್ವತಃ ಹುಳಿಯಾದ್ದರಿಂದ ನಿಂಬೆಯನ್ನು ಅರ್ಧಕ್ಕೆ ಇಳಿಸಬೇಕು.

ಶಂಖಪುಷ್ಪದ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಗಿರಿಕರ್ಣಿಕೆಯೆಂದೂ ಕರೆಯಲಾಗುವ ಈ ಬಳ್ಳಿ ಬೇಲಿಯ ಮೇಲೆ ಹಬ್ಬಿ ಬೆಳೆಯುವಂಥದ್ದು. ಅದರ ನೀಲಿಗೆ ಕಾರಣವಾದ ಟರ್ನಾಟಿನ್ ಎಂಬ ಆಂಥೋಸಯನಿನ್‌ಗಳು ಉಳಿದವುಗಳಿಗಿಂತ ಗಟ್ಟಿಯಾದ ರಚನೆಯವಾಗಿರುವುದರಿಂದ ತಟಸ್ಥ ನೀರಿನಲ್ಲಿಯೂ ಶುದ್ಧ ನೀಲಿಯಾಗಿ ನಿಲ್ಲುತ್ತವೆ, ನಿಂಬೆ ಬಿದ್ದರೆ ನೇರಳೆಯಾಗುತ್ತವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಈ ಹೂವಿನ ಸಾರವನ್ನು ಆಹಾರದ ಬಣ್ಣವಾಗಿ ಅಂಗೀಕರಿಸಿದ ಮೇಲೆ ಇದರ ವ್ಯಾಪಾರ ಬೆಳೆದಿದೆ. ಒಂದು ಲೋಟಕ್ಕೆ ಎಂಟು ಹತ್ತು ಹೂ, ಹಸಿರು ತೊಟ್ಟು ತೆಗೆದದ್ದು, ಸಾಕು. ತೊಟ್ಟು ಉಳಿದರೆ ಹಸಿ ಅವರೆಯಂಥ ವಾಸನೆ ಬರುತ್ತದೆ. ರುಚಿಯೂ ಪರಿಮಳವೂ ಇದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಣ್ಣಿನ ಹಬ್ಬಕ್ಕೆ ಮಾತ್ರ ಇದನ್ನು ಇಟ್ಟುಕೊಳ್ಳಬೇಕು. ಮಕ್ಕಳ ಮುಂದೆ ನಿಂಬೆ ಹಿಂಡಿ ಬಣ್ಣ ಬದಲಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಹೂವಿಲ್ಲ.

ಪರಿಮಳದ ದಾರಿ ಇದಕ್ಕಿಂತ ಸೂಕ್ಷ್ಮವಾದದ್ದು. ಗುಲಾಬಿಯಲ್ಲಿ ಪಾನಕಕ್ಕೆ ಯೋಗ್ಯವಾದದ್ದು ಪನ್ನೀರು ಗುಲಾಬಿಯೆಂದು ಕರೆಯಲಾಗುವ, ಚಿಕ್ಕದಾದ, ಎಸಳು ಸಡಿಲವಾಗಿರುವ ನಾಟಿ ತಳಿ. ಹೂಗುಚ್ಛಗಳಿಗೆಂದು ಬೆಳೆಸುವ ಉದ್ದ ಕಾಂಡದ ಗುಲಾಬಿಗಳಲ್ಲಿ ಪರಿಮಳ ಬಹುತೇಕ ಇರುವುದೇ ಇಲ್ಲ. ಗುಲಾಬಿಯ ಘಮಕ್ಕೆ ಕಾರಣವಾದ ದ್ರವ್ಯಗಳಲ್ಲಿ ಫಿನೈಲ್ ಈಥೈಲ್ ಆಲ್ಕೊಹಾಲ್ ಎಂಬುದು ನೀರಿನಲ್ಲಿ ಸಾಕಷ್ಟು ಕರಗುತ್ತದೆ, ಪನ್ನೀರಿಗೆ ಗುಲಾಬಿಯ ವಾಸನೆ ನಿಲ್ಲುವುದು ಮುಖ್ಯವಾಗಿ ಅದರಿಂದ. ಉಳಿದ ಹಗುರ ದ್ರವ್ಯಗಳು ಬಿಸಿಯಲ್ಲಿ ಹಾರಿಹೋಗಿ ಸೊಪ್ಪಿನ ವಾಸನೆಯೊಂದೇ ಹಿಂದುಳಿಯುತ್ತದೆ. ಇದಕ್ಕೆ ಪರಿಹಾರ ಗುಲ್ಕಂದಿನ ವಿಧಾನದಲ್ಲಿಯೇ ಇದೆ. ಸುಮಾರು 50 ಗ್ರಾಂ ಎಸಳಿನ ಬುಡದ ಬಿಳಿಯ, ಕಹಿಯಾದ ತುದಿಯನ್ನು ಕತ್ತರಿಸಿ, 150 ಗ್ರಾಂ ಸಕ್ಕರೆಯೊಡನೆ ಕೈಯಿಂದ ಚೆನ್ನಾಗಿ ಕಿವುಚಿ, ಮುಚ್ಚಿದ ಗಾಜಿನ ಭರಣಿಯಲ್ಲಿ ಒಂದು ರಾತ್ರಿ ಇಟ್ಟರೆ ಸಕ್ಕರೆ ಎಸಳಿನ ನೀರನ್ನೂ ಅದರೊಡನೆ ಪರಿಮಳವನ್ನೂ ಹೀರಿಕೊಳ್ಳುತ್ತದೆ. ಬೆಳಗ್ಗೆ 150 ಮಿಲಿಲೀಟರ್ ಉಗುರುಬೆಚ್ಚಗಿನ ನೀರು ಬೆರೆಸಿ ಸಕ್ಕರೆ ಕರಗಿಸಿ ಸೋಸಿದರೆ ಬೆಂಕಿಯನ್ನೇ ಕಾಣದ ಗುಲಾಬಿ ಪಾಕ ದೊರೆಯುತ್ತದೆ. ಬಣ್ಣ ತೆಳುವಾಗಿರುತ್ತದೆ, ಕೆಂಪು ಬೇಕೆನಿಸಿದರೆ ಎರಡು ದಾಸವಾಳದ ಕಷಾಯವನ್ನು ಬೇರೆಯಾಗಿ ಮಾಡಿ ಆರಿಸಿ ಸೇರಿಸಬಹುದು. ಏಲಕ್ಕಿಯನ್ನು ಮಾತ್ರ ಹಾಕಬಾರದು, ಅದು ಗುಲಾಬಿಯನ್ನು ನುಂಗಿಬಿಡುತ್ತದೆ. ಅಂಗಡಿಯ ಪನ್ನೀರು ಬಳಸುವವರು ಅದು ಆಹಾರಕ್ಕೆಂದು ತಯಾರಾದದ್ದೇ ಎಂಬುದನ್ನು ಚೀಟಿಯಲ್ಲಿ ನೋಡಿಕೊಳ್ಳಬೇಕು; ಪೂಜಾ ಸಾಮಗ್ರಿಯ ಅಂಗಡಿಯಲ್ಲಿ, ಸೌಂದರ್ಯವರ್ಧಕಗಳ ಸಾಲಿನಲ್ಲಿ ಸಿಗುವುದು ಕುಡಿಯಲು ಮಾಡಿದ್ದಲ್ಲ.

ಮಲ್ಲಿಗೆಗೆ ಬೆಚ್ಚಗಿನ ನೀರೂ ಸಲ್ಲದು. ದುಂಡುಮಲ್ಲಿಗೆಯ ಮೊಗ್ಗು ಸಂಜೆಯ ನಂತರ ಬಿರಿಯುತ್ತ, ಗಿಡದಿಂದ ಕಿತ್ತ ಮೇಲೂ ಗಂಟೆಗಟ್ಟಲೆ ಹೊಸದಾಗಿ ಪರಿಮಳವನ್ನು ಉಂಟುಮಾಡುತ್ತಲೇ ಇರುತ್ತದೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಅತ್ತರು ತಯಾರಕರು ಮಲ್ಲಿಗೆಯನ್ನು ತಣ್ಣನೆಯ ಕೊಬ್ಬಿನ ಮೇಲೆ ಹರಡಿ ಪರಿಮಳ ಹೀರಿಸುತ್ತಿದ್ದುದು ಈ ಗುಣವನ್ನು ನಂಬಿಯೇ. ಮನೆಯಲ್ಲಿ ಕೊಬ್ಬಿನ ಜಾಗವನ್ನು ಸಕ್ಕರೆಗೆ ಕೊಡಬಹುದು: ಸ್ಟೀಲ್ ಡಬ್ಬಿಯಲ್ಲಿ ಸಕ್ಕರೆ ಹರಡಿ, ಅದರ ಮೇಲೆ ತೆಳುಬಟ್ಟೆ ಹಾಸಿ, ಸಂಜೆ ಕೊಯ್ದ ಮೊಗ್ಗುಗಳನ್ನಿಟ್ಟು ಮುಚ್ಚಳ ಬಿಗಿದು, ಬೆಳಗ್ಗೆ ಬಾಡಿದ ಹೂಗಳನ್ನು ತೆಗೆದು, ಮರುಸಂಜೆ ಹೊಸ ಮೊಗ್ಗು ಇಡಬೇಕು. ಎರಡು ಮೂರು ರಾತ್ರಿಯಲ್ಲಿ ಸಕ್ಕರೆಗೆ ಸ್ಪಷ್ಟವಾದ ಮಲ್ಲಿಗೆಯ ವಾಸನೆ ಹತ್ತುತ್ತದೆ. ಈ ಸಕ್ಕರೆಯಿಂದ ಮಾಡಿದ ಪಾನಕದಲ್ಲಿ ನಿಂಬೆಯನ್ನು ಸ್ವಲ್ಪ ಕಡಿಮೆ ಮಾಡುವುದು ಒಳ್ಳೆಯದು, ಏಕೆಂದರೆ ನಾಟಿ ನಿಂಬೆಯ ಘಮ ಮಲ್ಲಿಗೆಗೆ ಸರಿಸಾಟಿಯಾಗಿ ನಿಲ್ಲದೆ ಅದನ್ನು ಹಿಂದಕ್ಕೆ ತಳ್ಳುತ್ತದೆ.

ಪಾಕವನ್ನು ಇಟ್ಟುಕೊಳ್ಳುವ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ನಿಂಬೆಯಲ್ಲಿರುವ ಸಿ ಜೀವಸತ್ವವು ಆಂಥೋಸಯನಿನ್‌ಗಳೊಡನೆ ಬಹಳ ಹೊತ್ತು ಇದ್ದರೆ ಎರಡೂ ಒಂದನ್ನೊಂದು ಬೇಗ ಕೆಡಿಸುತ್ತವೆ. ಆದ್ದರಿಂದ ಬಣ್ಣ ಇಳಿಸಲು ಹಾಕುವ ನಾಲ್ಕಾರು ಹನಿಗಳ ಹೊರತು ಹೂವಿನ ಪಾಕ ಬೇರೆ, ನಿಂಬೆ ಬೇರೆ ಇರಬೇಕು. ಬೆಳಕೂ ಬಣ್ಣದ ಶತ್ರು. ನೀರು ಮತ್ತು ಸಕ್ಕರೆ ಸಮತೂಕದ ಪಾಕ ಫ್ರಿಜ್ಜಿನಲ್ಲಿ ಸುಮಾರು ಎರಡು ವಾರ ಉಳಿದೀತು. ಅದಕ್ಕಿಂತ ಹೆಚ್ಚು ಬಾಳಿಕೆ ಬರಬೇಕಾದರೆ ಸಕ್ಕರೆಯ ಪಾಲು ಶೇ 65ಕ್ಕೆ, ಎಂದರೆ ಅರ್ಧ ಲೀಟರ್ ನೀರಿಗೆ ಸುಮಾರು 930 ಗ್ರಾಂಗೆ, ಏರಬೇಕಾಗುತ್ತದೆ. ಬೆಂಕಿ ಕಾಣದ ಗುಲಾಬಿ ಪಾಕವನ್ನು ಎರಡು ಮೂರು ದಿನದಲ್ಲಿ ಮುಗಿಸಬೇಕು.

ಹೂವಿನ ಪಾನಕವನ್ನು ಔಷಧವೆಂಬಂತೆ ಹೊಗಳುವ ಮಾತುಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯ ಪ್ರಕಾರ 2000 ಕ್ಯಾಲೊರಿ ಉಣ್ಣುವ ವಯಸ್ಕರು ದಿನಕ್ಕೆ 50 ಗ್ರಾಂಗಿಂತ ಕಡಿಮೆ ಸಕ್ಕರೆ ಸೇವಿಸಬೇಕಾಗಿದ್ದು, ಮೇಲೆ ಹೇಳಿದ ಒಂದು ಲೋಟದಲ್ಲಿಯೇ ಅದರ ಅರ್ಧ ಮುಗಿದಿರುತ್ತದೆ. ರೋಸೆಲ್ ರಕ್ತದೊತ್ತಡವನ್ನು ಇಳಿಸುವ ಗುಣವುಳ್ಳದ್ದಾದ್ದರಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರೂ, ದಾಸವಾಳದ ವಿಷಯದಲ್ಲಿ ಗರ್ಭಿಣಿಯರೂ ವೈದ್ಯರನ್ನು ಕೇಳಿಯೇ ಕುಡಿಯುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದದ್ದು ಹೂವು ಎಲ್ಲಿಂದ ಬಂತೆಂಬ ಪ್ರಶ್ನೆ. ಮಾರುಕಟ್ಟೆಯ ಗುಲಾಬಿ ಮತ್ತು ಮಲ್ಲಿಗೆಗಳು ಮುಡಿಗೂ ಮಾಲೆಗೂ ಬೆಳೆದವು. ತಿನ್ನುವ ಬೆಳೆಯಲ್ಲವಾದ್ದರಿಂದ ಕೀಟನಾಶಕದ ಸಿಂಪಡಣೆ ಮತ್ತು ಕೊಯ್ಲಿನ ನಡುವೆ ಬಿಡಬೇಕಾದ ಅಂತರದ ಚಿಂತೆ ಅಲ್ಲಿರುವುದಿಲ್ಲ, ತೊಳೆದ ಮಾತ್ರಕ್ಕೆ ಆ ವಿಷ ಪೂರ್ತಿ ಹೋಗುವುದೂ ಇಲ್ಲ. ದೇವರಿಗೆ ಏರಿಸುವ ಹೂವೆಲ್ಲ ಹೊಟ್ಟೆಗೆ ಸಲ್ಲುತ್ತದೆಂಬ ನಂಬಿಕೆಯೂ ಅಪಾಯಕಾರಿ. ಕಣಗಿಲೆಯ ಎಲೆ, ಹೂವು, ಕಾಂಡಗಳಲ್ಲೆಲ್ಲ ಹೃದಯದ ಬಡಿತವನ್ನೇ ಏರುಪೇರು ಮಾಡುವ ಒಲಿಯಾಂಡ್ರಿನ್ ಎಂಬ ವಿಷವಿದ್ದು, ಕೇರಳದಲ್ಲಿ ಯುವತಿಯೊಬ್ಬರ ಸಾವಿಗೆ ಈ ಗಿಡ ಕಾರಣವಿರಬಹುದೆಂಬ ಶಂಕೆ ಎದ್ದ ಬೆನ್ನಲ್ಲೇ 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ತನ್ನ ದೇವಾಲಯಗಳ ನೈವೇದ್ಯ ಮತ್ತು ಪ್ರಸಾದಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಹಳದಿ ಕಣಗಿಲೆಯೂ ಉಮ್ಮತ್ತಿಯೂ ಅಷ್ಟೇ ವಿಷಕಾರಿ. ಹೆಸರು ಖಚಿತವಾಗಿ ಗೊತ್ತಿಲ್ಲದ ಹೂವನ್ನು, ಎಷ್ಟೇ ಚೆಂದವಾಗಿದ್ದರೂ, ಅಲಂಕಾರಕ್ಕೆಂದು ಕೂಡ ಲೋಟದಲ್ಲಿ ತೇಲಿಬಿಡಬಾರದು. ಹೂವಿನ ಪಾನಕ ಮಾಡಬಯಸುವ ಮನೆಯವರು ಔಷಧ ಹೊಡೆಯದ ಒಂದು ಕೆಂಪು ದಾಸವಾಳದ ಗಿಡವನ್ನು ಕುಂಡದಲ್ಲಾದರೂ ಬೆಳೆಸಿಕೊಳ್ಳಲಿ. ಅದರ ಗೆಲ್ಲು ನೆಟ್ಟರೆ ಸಾಕು, ಚಿಗುರುತ್ತದೆ.